ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗಿ ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುವವರಿಗೆ

ಹುಬ್ಬಳ್ಳಿ-ಧಾರವಾಡದವರಿಗೆ ಬೆಂಗಳೂರು ಎಂದರೆ ಇಂದಿಗೂ ರಾತ್ರಿ ರೈಲಿನ ಊರು. ಊಟ ಮುಗಿಸಿ ರೈಲು ಹತ್ತಿ, ಬೆಳಗ್ಗೆ ಇಳಿದು, ಆಟೊದಲ್ಲೋ ಮೆಟ್ರೊದಲ್ಲೋ ತಿರುಗಾಡಿ ಕೆಲಸ ಮುಗಿಸಿ, ಮತ್ತೆ ರಾತ್ರಿ ರೈಲು ಹಿಡಿಯುವುದು ನಮ್ಮ ರೂಢಿ. ಒಬ್ಬಂಟಿಯಾಗಿ ಹೋಗುವವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ತೋರಿಸಬೇಕಾದಾಗ, ಮಗಳನ್ನು ಸಾಮಾನು ಸಮೇತ ಹಾಸ್ಟೆಲಿಗೆ ಸೇರಿಸಬೇಕಾದಾಗ, ಅಥವಾ ಎರಡೇ ದಿನದಲ್ಲಿ ಊರ ತುಂಬ ಚದುರಿರುವ ಬಂಧುಗಳಿಗೆ ಲಗ್ನಪತ್ರಿಕೆ ಕೊಟ್ಟು ಬರಬೇಕಾದಾಗ ಗೋಕುಲ ರಸ್ತೆಯ ನಿಲ್ದಾಣದಿಂದ ವಿಮಾನ ಹತ್ತಿ, ಬೆಂಗಳೂರಿನಲ್ಲಿ ಇಳಿದ ಕೂಡಲೇ ಚಾಲಕನಿಲ್ಲದ ಬಾಡಿಗೆ ಕಾರು ಪಡೆದು ತಾವೇ ಓಡಿಸುವವರು ಈಗ ನಮ್ಮ ಭಾಗದಲ್ಲಿ, ಗದಗ-ಹಾವೇರಿಗಳಲ್ಲಿಯೂ, ಹೆಚ್ಚುತ್ತಿದ್ದಾರೆ. ಅಕ್ಕನ ಮಗಳ ಮದುವೆಯ ಪತ್ರಿಕೆ ಹಂಚುವಾಗ ನಾನು ಮೊದಲ ಬಾರಿ ಹೀಗೆ ಕಾರು ಪಡೆದೆ. ಆಮೇಲೆ ತಾಯಿಯ ಚಿಕಿತ್ಸೆಗಾಗಿ ಹಲವು ಸಲ ಪಡೆದಿದ್ದೇನೆ. ಆ ಅನುಭವದಿಂದ ಕಲಿತದ್ದನ್ನು, ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರು ನಿಜವಾಗಿ ಬೇಕೇ ಎಂದು ಲೆಕ್ಕ ಹಾಕಿ

ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ನಗರದ ನಡುಭಾಗಕ್ಕೆ ಸುಮಾರು 35 ಕಿಲೋಮೀಟರ್ ದೂರ. ಹೋಗಿ ಬರುವುದಕ್ಕೇ 70 ಕಿಲೋಮೀಟರ್ ಖರ್ಚಾಗುತ್ತದೆ ಎಂಬುದನ್ನು, ದಿನಕ್ಕೆ ಇಷ್ಟು ಕಿಲೋಮೀಟರ್ ಎಂದು ಮಿತಿ ಹಾಕುವ ಬಾಡಿಗೆ ಯೋಜನೆಗಳನ್ನು ನೋಡುವಾಗ ಮರೆಯಬಾರದು. ನಿಮ್ಮ ಕೆಲಸ ಮೆಜೆಸ್ಟಿಕ್ ಸುತ್ತಮುತ್ತ ಮುಗಿಯುವಂತಿದ್ದರೆ ಬಿಎಂಟಿಸಿಯ ವಾಯುವಜ್ರ ಬಸ್ಸು ಸಾಕು. ಕೆಲಸ ಒಂದೇ ಆಸ್ಪತ್ರೆಯಲ್ಲಿದ್ದು, ದಿನವಿಡೀ ಕಾರು ನಿಂತೇ ಇರುವಂತಿದ್ದರೆ ಟ್ಯಾಕ್ಸಿಯೇ ಅಗ್ಗ. ದಿನಕ್ಕೆ ನಾಲ್ಕೈದು ಕಡೆ ಇಳಿದು ಹತ್ತಬೇಕಾದಾಗ, ಜೊತೆಗೆ ಸಾಮಾನು ಅಥವಾ ನಡೆಯಲಾರದ ಹಿರಿಯರು ಇದ್ದಾಗ ಮಾತ್ರ ಸ್ವಂತ ಚಾಲನೆಯ ಬಾಡಿಗೆ ಕಾರಿನಿಂದ ಪ್ರಯೋಜನವಿದೆ ಎಂದು ನನ್ನ ಅಭಿಪ್ರಾಯ.

ಊರಿನಲ್ಲಿಯೇ ಮುಗಿಸಬೇಕಾದ ಕೆಲಸಗಳು

ಬಾಡಿಗೆ ಸಂಸ್ಥೆಗಳು ಕೇಳುವ ಮುಖ್ಯ ದಾಖಲೆ ಚಾಲನಾ ಪರವಾನಗಿ. ಹಲವು ಸಂಸ್ಥೆಗಳು 21 ವರ್ಷ ತುಂಬಿದವರಿಗೆ, ಅದರಲ್ಲಿಯೂ ಪರವಾನಗಿ ಪಡೆದು ಕನಿಷ್ಠ ಒಂದು ವರ್ಷವಾದವರಿಗೆ ಮಾತ್ರ ಕಾರು ಕೊಡುತ್ತವೆ. ಪರವಾನಗಿಯ ಸಂಖ್ಯೆಯನ್ನು ಅವರು ಸಾರಿಗೆ ಇಲಾಖೆಯ ಸಾರಥಿ ದತ್ತಾಂಶದಲ್ಲಿ ಪರಿಶೀಲಿಸುತ್ತಾರೆ. ನಮ್ಮಲ್ಲಿ ಇನ್ನೂ ಬಹಳ ಮಂದಿಯ ಕೈಯಲ್ಲಿ ಧಾರವಾಡ ಆರ್‌ಟಿಒ ಕಚೇರಿ ಕೊಟ್ಟ ಹಳೆಯ ಪುಸ್ತಕದ ರೂಪದ ಪರವಾನಗಿ ಇದೆ. ಅಂಥ ಹಳೆಯ ಪರವಾನಗಿಯ ವಿವರ ಸಾರಥಿಯಲ್ಲಿ ಸೇರಿರದಿದ್ದರೆ ಅವಧಿ ಉಳಿದಿದ್ದರೂ ಬುಕಿಂಗ್ ತಿರಸ್ಕೃತವಾಗುತ್ತದೆ. ಹಾಗಾಗಿ ಪ್ರಯಾಣದ ತಿಂಗಳ ಮುಂಚೆಯೇ ನಿಮ್ಮ ಸಂಖ್ಯೆಯನ್ನು ಸಾರಥಿ ಜಾಲತಾಣದಲ್ಲಿ ಹಾಕಿ ನೋಡಿ. ವಿವರ ಬಾರದಿದ್ದರೆ ಕೆಎ-25ರವರು ಧಾರವಾಡದ ಕಚೇರಿಗೆ, ಕೆಎ-63ರವರು ಹುಬ್ಬಳ್ಳಿಯ ಕಚೇರಿಗೆ ಹೋಗಿ ಹಳೆಯ ದಾಖಲೆ ಸೇರಿಸಿಸಿ, ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಬೇಕು. ಪರವಾನಗಿಯಲ್ಲಿರುವ ಹೆಸರಿಗೂ ಆಧಾರ್ ಕಾರ್ಡಿನಲ್ಲಿರುವ ಹೆಸರಿಗೂ ವ್ಯತ್ಯಾಸವಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಮನೆತನದ ಹೆಸರು ಸೇರಿರುವುದು ಉತ್ತರ ಕರ್ನಾಟಕದವರಲ್ಲಿ ಸಾಮಾನ್ಯ. ಯಂತ್ರ ಅದನ್ನು ಒಪ್ಪುವುದಿಲ್ಲ.

ಬಾಡಿಗೆ ಕಾರು ವಾಣಿಜ್ಯ ವಾಹನವಾದ್ದರಿಂದ ಟ್ಯಾಕ್ಸಿ ಚಾಲಕರ ಬ್ಯಾಡ್ಜ್ ಬೇಕೇ ಎಂದು ಹಲವರು ಕೇಳುತ್ತಾರೆ. ಬೇಕಿಲ್ಲ. ಲಘು ಮೋಟಾರು ವಾಹನದ ಸಾಮಾನ್ಯ ಪರವಾನಗಿ ಇರುವವರು 7,500 ಕಿಲೋಗ್ರಾಮಿಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ಕೊಟ್ಟಿದೆ.

ಇನ್ನು ನಂಬರ್ ಪ್ಲೇಟಿನ ವಿಷಯ. ಇದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ. ಸ್ವಂತ ಬಳಕೆಯ ಕಾರಿಗೆ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರ, ಟ್ಯಾಕ್ಸಿಗೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇರುವಂತೆ, ಬಾಡಿಗೆಗೆ ಪಡೆದು ತಾವೇ ಓಡಿಸುವ ಕಾರಿಗೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಕೇಂದ್ರ ಸರ್ಕಾರದ 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಪರವಾನಗಿ ಪಡೆದ ಕಾರಿನ ಗುರುತು ಅದು. ವಿದ್ಯುತ್ ಚಾಲಿತ ಬಾಡಿಗೆ ಕಾರಾದರೆ ಹಸಿರು ಹಲಗೆಯ ಮೇಲೆ ಹಳದಿ ಅಕ್ಷರ. ಬಾಡಿಗೆ ಸ್ವಲ್ಪ ಕಡಿಮೆ ಎಂಬ ಕಾರಣಕ್ಕೆ ಬಿಳಿ ಪ್ಲೇಟಿನ ಸ್ವಂತ ಕಾರುಗಳನ್ನು ಪರಿಚಯದವರ ಮೂಲಕ ಪಡೆಯುವವರಿದ್ದಾರೆ. ಸ್ವಂತ ಬಳಕೆಗೆಂದು ನೋಂದಾಯಿಸಿದ ಕಾರನ್ನು ಬಾಡಿಗೆಗೆ ಕೊಡುವುದು ನೋಂದಣಿಯ ಷರತ್ತಿನ ಉಲ್ಲಂಘನೆ. ಸಾರಿಗೆ ಅಧಿಕಾರಿಗಳು ಕಾರನ್ನು ವಶಪಡಿಸಿಕೊಂಡರೆ ಅರ್ಧ ದಾರಿಯಲ್ಲಿ ಇಳಿಯಬೇಕಾದವರು ನೀವು. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಅಪಘಾತವಾದಾಗ ಕಾರು ಬಾಡಿಗೆಗೆ ಓಡುತ್ತಿತ್ತು ಎಂಬ ಕಾರಣ ಕೊಟ್ಟು ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ದಿನಕ್ಕೆ ನಾಲ್ಕುನೂರು ರೂಪಾಯಿ ಉಳಿಸಲು ಹೋಗಿ ಲಕ್ಷಗಳ ಹೊಣೆ ಹೊರುವುದು ಬುದ್ಧಿವಂತಿಕೆಯಲ್ಲ.

ದರ ನೋಡುವಾಗ ಆಪ್‌ನಲ್ಲಿ ದೊಡ್ಡದಾಗಿ ಕಾಣುವ ಅಂಕಿಯೊಂದನ್ನೇ ನಂಬಬೇಡಿ. ಬಾಡಿಗೆ, ತೆರಿಗೆ, ಮರಳಿ ಕೊಡುವ ಠೇವಣಿ, ಮಿತಿ ಮೀರಿದ ಪ್ರತಿ ಕಿಲೋಮೀಟರಿನ ದರ, ತಡವಾಗಿ ಹಿಂದಿರುಗಿಸಿದರೆ ಗಂಟೆಗೆಷ್ಟು, ನಿಲ್ದಾಣದಲ್ಲಿ ಕಾರು ಕೊಡಲು ಬೇರೆ ಶುಲ್ಕವಿದೆಯೇ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಕೂಡಿಸಿ. ಇಂಧನ ನಮ್ಮದೇ ಖರ್ಚು; ಕೊಟ್ಟಾಗ ಎಷ್ಟಿತ್ತೋ ಅಷ್ಟೇ ತುಂಬಿ ಕೊಡಬೇಕು. ವಿಮೆಯ ಬಗ್ಗೆ ಎರಡು ಪ್ರಶ್ನೆ ಕೇಳಿ: ಹಾನಿಯಾದರೆ ನನ್ನ ಕೈಯಿಂದ ಗರಿಷ್ಠ ಎಷ್ಟು ಹೋಗುತ್ತದೆ, ಮತ್ತು ಟೈರು, ಗಾಜು, ಕಾರಿನ ತಳಭಾಗಕ್ಕೆ ಆದ ಹಾನಿ ಆ ಮಿತಿಯೊಳಗೆ ಬರುತ್ತದೆಯೇ. ಹೆಚ್ಚಿನ ಒಪ್ಪಂದಗಳಲ್ಲಿ ಈ ಮೂರೂ ಹೊರಗುಳಿದಿರುತ್ತವೆ. ನಿಮ್ಮ ಜೊತೆ ಪತ್ನಿಯೋ ಮಗನೋ ಕಾರು ಓಡಿಸುವುದಾದರೆ ಅವರ ಹೆಸರನ್ನು ಒಪ್ಪಂದದಲ್ಲಿ ಎರಡನೆಯ ಚಾಲಕರೆಂದು ಸೇರಿಸಲೇಬೇಕು. ಅತ್ತಿಬೆಲೆ ದಾಟಿ ತಮಿಳುನಾಡಿಗೆ ಹೋಗುವ ಯೋಚನೆ ಇದ್ದರೆ ಅದನ್ನೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಕೊನೆಯದಾಗಿ, ಕಾರು ಎಲ್ಲಿ ಸಿಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಏರ್‌ಪೋರ್ಟ್ ಎಂದು ಬರೆದಿದ್ದರೂ ಕೆಲವು ಸಂಸ್ಥೆಗಳ ಕಾರುಗಳು ನಿಲ್ದಾಣದ ಹೊರಗೆ, ಕೆಲವು ಕಿಲೋಮೀಟರ್ ದೂರದ ಅಂಗಳದಲ್ಲಿ ನಿಂತಿರುತ್ತವೆ. ಬೆಂಗಳೂರಿನಲ್ಲಿ ಈಗ ಎರಡು ಟರ್ಮಿನಲ್‌ಗಳಿವೆ. ನಿಮ್ಮ ವಿಮಾನ ಯಾವುದಕ್ಕೆ ಬರುತ್ತದೆ ಎಂಬುದು ಟಿಕೆಟ್ಟಿನಲ್ಲಿರುತ್ತದೆ. ಅದನ್ನು ಹೇಳಿ, ಕಾರು ಕೊಡುವವರು ನಿಖರವಾಗಿ ಯಾವ ಪಾರ್ಕಿಂಗ್ ಜಾಗಕ್ಕೆ ಬರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ.

ಕಾರು ಕೈಗೆ ತೆಗೆದುಕೊಳ್ಳುವ ಅರ್ಧ ಗಂಟೆ

ಈ ಅರ್ಧ ಗಂಟೆಯನ್ನು ಯಾರೂ ಅವಸರದಲ್ಲಿ ಕಳೆಯಬಾರದು. ಒಮ್ಮೆ ತಾಯಿ ಬಿಸಿಲಿನಲ್ಲಿ ನಿಂತಿದ್ದರೆಂದು ನಾನು ಕಾರಿನ ಸುತ್ತ ಒಂದೇ ಸುತ್ತು ಬಂದು ಸಹಿ ಹಾಕಿಬಿಟ್ಟೆ. ಎಡಗಡೆಯ ಹಿಂಬಾಗಿಲಿನ ಕೆಳಗೆ, ಧೂಳಿನ ಅಡಿಯಲ್ಲಿ ಗೇಣುದ್ದದ ಗೀರು ಇದ್ದದ್ದು ಸಂಜೆ ಕಾರು ಒರೆಸುವಾಗ ಕಣ್ಣಿಗೆ ಬಿತ್ತು. ಕೂಡಲೇ ತಿಳಿಸಿದರೂ ಸಂಸ್ಥೆಯವರು ಒಪ್ಪಲಿಲ್ಲ. ಠೇವಣಿಯಲ್ಲಿ ಹಣ ಕಡಿತವಾಯಿತು. ಅವರ ಬಳಿ ನನ್ನ ಸಹಿ ಇತ್ತು, ನನ್ನ ಬಳಿ ಚಿತ್ರವಿರಲಿಲ್ಲ. ಆ ದಿನದಿಂದ ಹಿರಿಯರನ್ನು ಮೊದಲು ನೆರಳಿನಲ್ಲಿ ಕೂರಿಸಿ, ನೀರು ಕೊಟ್ಟು, ಆಮೇಲೆ ಕಾರಿನ ಬಳಿ ಹೋಗುತ್ತೇನೆ.

ಒದ್ದೆ ಬಟ್ಟೆಯಿಂದ ಬಂಪರ್‌ಗಳನ್ನೂ ಬಾಗಿಲುಗಳ ಕೆಳಭಾಗವನ್ನೂ ಒರೆಸಿಸಿ. ಮೊಬೈಲಿನಲ್ಲಿ ವಿಡಿಯೊ ಆರಂಭಿಸಿ, ಮೊದಲು ನಂಬರ್ ಪ್ಲೇಟ್ ತೋರಿಸಿ, ಚಿತ್ರೀಕರಣ ನಿಲ್ಲಿಸದೆ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬನ್ನಿ. ನಾಲ್ಕು ಚಕ್ರಗಳ ರಿಮ್, ಟೈರಿನ ಬದಿ, ಮುಂದಿನ ಗಾಜು, ಕನ್ನಡಿಗಳ ಹೊರಮೈ, ಬಂಪರಿನ ತಳ ಇವೆಲ್ಲ ಸ್ಪಷ್ಟವಾಗಿ ಕಾಣಬೇಕು. ಒಳಗೆ ಕುಳಿತು ಓಡಿದ ಕಿಲೋಮೀಟರ್ ಅಂಕಿ, ಇಂಧನದ ಮುಳ್ಳು, ಉರಿಯುತ್ತಿರುವ ಯಾವುದೇ ಎಚ್ಚರಿಕೆಯ ದೀಪ, ಆಸನಗಳ ಕಲೆ ಇವನ್ನೂ ದಾಖಲಿಸಿ. ಡಿಕ್ಕಿ ತೆರೆದು ಸ್ಟೆಪ್ನಿ, ಜಾಕ್, ಪಾನಾ ಇವೆಯೇ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇರುವುದನ್ನು ಕೈಯಿಂದ ಒತ್ತಿ ಪರೀಕ್ಷಿಸಿ. ಕಂಡ ಪ್ರತಿ ಗೀರು, ಪ್ರತಿ ತಗ್ಗು ಸಂಸ್ಥೆಯ ಪಟ್ಟಿಯಲ್ಲಿ ಸೇರುವವರೆಗೆ ಸಹಿ ಹಾಕಬೇಡಿ. ವಿಡಿಯೊವನ್ನು ಅಲ್ಲಿಂದಲೇ ಸಂಸ್ಥೆಯ ಅಧಿಕೃತ ಸಂಖ್ಯೆಗೋ ಮಿಂಚಂಚೆಗೋ ಕಳುಹಿಸಿದರೆ ಸಮಯ ಸಮೇತ ಸಾಕ್ಷ್ಯ ಉಳಿಯುತ್ತದೆ.

ದಾಖಲೆಗಳಲ್ಲಿ ನೋಂದಣಿ ಪತ್ರ, ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಪರ್ಮಿಟ್ ಇರಬೇಕು. ಕಾರಿನ ಸಂಖ್ಯೆಯನ್ನು ಎಂ-ಪರಿವಾಹನ್ ಆಪ್‌ನಲ್ಲಿ ಹಾಕಿದರೆ ವಿಮೆಯ ಅವಧಿ ಒಂದು ನಿಮಿಷದಲ್ಲಿ ತಿಳಿಯುತ್ತದೆ. ನಿಮ್ಮ ಪರವಾನಗಿಯನ್ನು ಡಿಜಿಲಾಕರ್‌ನಲ್ಲಿ ತೋರಿಸಿದರೂ ಪೊಲೀಸರು ಒಪ್ಪುತ್ತಾರೆ, ಆದರೂ ಕಾರ್ಡು ಜೇಬಿನಲ್ಲಿರಲಿ. ಈಗಿನ ಕೆಲವು ಬಾಡಿಗೆ ಕಾರುಗಳ ಬಾಗಿಲು ಮೊಬೈಲ್ ಆಪ್‌ನಿಂದಲೇ ತೆರೆಯುತ್ತದೆ. ಫೋನಿನ ಚಾರ್ಜು ಮುಗಿದರೆ ಕಾರಿನ ಹೊರಗೇ ನಿಲ್ಲಬೇಕಾಗುತ್ತದೆ. ಪವರ್ ಬ್ಯಾಂಕ್ ಒಯ್ಯುವುದನ್ನು ಮರೆಯಬೇಡಿ.

ಫಾಸ್ಟ್ಯಾಗ್ ಬಗ್ಗೆ ಕೇಳಲೇಬೇಕು. ಅದರಲ್ಲಿ ಹಣವಿದೆಯೇ, ಟೋಲ್ ಖರ್ಚನ್ನು ಆಮೇಲೆ ಹೇಗೆ ವಸೂಲಿ ಮಾಡುತ್ತಾರೆ ಎಂದು ತಿಳಿದುಕೊಳ್ಳಿ. ಸರಿಯಾದ ಫಾಸ್ಟ್ಯಾಗ್ ಇಲ್ಲದಿದ್ದರೆ ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಲ್ಲಿ ಸಾಮಾನ್ಯ ದರಕ್ಕಿಂತ ಹೆಚ್ಚು ತೆರಬೇಕು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು. ಊರಿನಲ್ಲಿ ನಿಮ್ಮ ಸ್ವಂತ ಕಾರಿಗೆ ಪಡೆದಿರುವ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಆ ಕಾರಿಗೆ ಮಾತ್ರ ಸೇರಿದ್ದು. ವಾಣಿಜ್ಯ ವಾಹನಗಳಿಗೆ ಆ ಪಾಸ್ ಇಲ್ಲವಾದ್ದರಿಂದ ಬಾಡಿಗೆ ಕಾರಿನಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಎಲ್ಲ ಮುಗಿದ ಮೇಲೆ ಐದು ನಿಮಿಷ ಕಾರಿನಲ್ಲಿ ಸುಮ್ಮನೆ ಕುಳಿತು ಆಸನ, ಕನ್ನಡಿಗಳನ್ನು ನಿಮಗೆ ತಕ್ಕಂತೆ ಹೊಂದಿಸಿಕೊಳ್ಳಿ. ವೈಪರ್, ದೀಪ, ಇಂಡಿಕೇಟರ್, ಹಾರ್ನ್ ಎಲ್ಲಿವೆ, ಹಿಂದಿನ ಗೇರ್ ಹೇಗೆ ಬೀಳುತ್ತದೆ ಎಂಬುದನ್ನು ನಿಂತಲ್ಲೇ ಅಭ್ಯಾಸ ಮಾಡಿ. ನೀವು ಆಟೊಮ್ಯಾಟಿಕ್ ಕಾರು ಓಡಿಸಿ ಗೊತ್ತಿಲ್ಲದಿದ್ದರೆ ಮೊದಲ ಪ್ರಯೋಗವನ್ನು ಬೆಂಗಳೂರಿನಲ್ಲಿ ಮಾಡುವುದು ಬೇಡ.

ನಿಲ್ದಾಣದಿಂದ ಹೆಬ್ಬಾಳದವರೆಗೆ

ನಿಲ್ದಾಣದಿಂದ ಹೊರಬಿದ್ದ ಮೇಲೆ ಸಿಗುವುದು ಬಳ್ಳಾರಿ ರಸ್ತೆ, ಅಂದರೆ ರಾಷ್ಟ್ರೀಯ ಹೆದ್ದಾರಿ 44. ಸಾದಹಳ್ಳಿಯ ಟೋಲ್ ದಾಟಿ, ಯಲಹಂಕದ ವಾಯುನೆಲೆಯ ಬದಿಯಿಂದ ಹಾದು ಹೆಬ್ಬಾಳ ಸೇರುತ್ತದೆ. ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುವ ದಿನಗಳಲ್ಲಿ ಈ ರಸ್ತೆಯಲ್ಲಿ ಗಂಟೆಗಟ್ಟಲೆ ದಟ್ಟಣೆ ಇರುತ್ತದೆ. ಆಗ ಬೇರೆ ದಿನ ಆರಿಸಿಕೊಳ್ಳುವುದೇ ಲೇಸು. ನಗರದ ಪೂರ್ವಭಾಗಕ್ಕೆ, ಅಂದರೆ ಹೆಣ್ಣೂರು, ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಗೆ ಹೋಗುವವರಿಗೆ ಬಾಗಲೂರು-ಹೆಣ್ಣೂರಿನ ಮೂಲಕ ಇನ್ನೊಂದು ದಾರಿ ಇದೆ. ಅದರಲ್ಲಿ ಟೋಲ್ ಇಲ್ಲ, ಆದರೆ ಅದು ಹೆದ್ದಾರಿಯಷ್ಟು ಅಗಲವಲ್ಲ. ರಾತ್ರಿ ಮೊದಲ ಬಾರಿಗೆ ಹೋಗುವವರಿಗೆ ನಾನು ಅದನ್ನು ಸೂಚಿಸುವುದಿಲ್ಲ.

ಬಳ್ಳಾರಿ ರಸ್ತೆ ನೇರವಾಗಿದೆ, ಅಗಲವಾಗಿದೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಲಾರಿಗಳ ನಡುವೆ ಓಡಿಸಿ ರೂಢಿಯಿದ್ದವರಿಗೆ ಇಲ್ಲಿ ಕಾಲು ತಾನಾಗಿಯೇ ಆಕ್ಸಿಲರೇಟರ್ ಮೇಲೆ ಒತ್ತುತ್ತದೆ. ವೇಗಮಿತಿಯ ಫಲಕಗಳನ್ನು ಪಾಲಿಸಿ; ಕ್ಯಾಮೆರಾಗಳಿವೆ, ಅಲ್ಲದೆ ಬಾಡಿಗೆ ಕಾರಿನ ಜಿಪಿಎಸ್ ಕೂಡ ವೇಗವನ್ನು ಸಂಸ್ಥೆಗೆ ತಿಳಿಸುತ್ತಿರುತ್ತದೆ. ನಾನು ಹೊರಡುವಾಗಲೆಲ್ಲ ನಮ್ಮ ಕಾಕಾ ಹೇಳುವ ಮಾತೊಂದಿದೆ: "ತಮ್ಮಾ, ಗಾಡಿ ಹಗೂರ ಬಿಡು, ಗಡಿಬಿಡಿ ಮಾಡಬ್ಯಾಡ." ಹಗೂರ ಎಂದರೆ ತೀರ ನಿಧಾನವೆಂದಲ್ಲ. ಬಲಗಡೆಯ ಲೇನಿನಲ್ಲಿ ನಲವತ್ತರ ವೇಗದಲ್ಲಿ ಹೋಗುವುದೂ ಈ ರಸ್ತೆಯಲ್ಲಿ ಅಪಾಯವೇ. ನಡುವಿನ ಲೇನ್ ಹಿಡಿದು, ಒಂದೇ ವೇಗದಲ್ಲಿ ಸಾಗುವುದು ಒಳ್ಳೆಯದು.

ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಗೂ ಹೊರವರ್ತುಲ ರಸ್ತೆಗೂ ಸಂಧಿ. ನೇರ ಹೋದರೆ ಮೇಖ್ರಿ ವೃತ್ತ. ಎಡಕ್ಕೆ ನಾಗವಾರ, ಕೆ.ಆರ್. ಪುರ, ಮಾರತ್ತಹಳ್ಳಿ, ಸಿಲ್ಕ್ ಬೋರ್ಡ್. ಪಶ್ಚಿಮದ ಕಡೆಗೆ ಬಿಇಎಲ್ ವೃತ್ತ, ಗೊರಗುಂಟೆಪಾಳ್ಯ. ನಮ್ಮ ಭಾಗದವರು ಹೆಚ್ಚಾಗಿ ನೆಲೆಸಿರುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಗೆ ಹೋಗುವವರು ಹೊರವರ್ತುಲ ರಸ್ತೆಯಲ್ಲಿ ಗೊರಗುಂಟೆಪಾಳ್ಯದ ಕಡೆಗೆ ಹೋಗಬಹುದು, ಇಲ್ಲವೇ ಮೇಖ್ರಿ ವೃತ್ತದಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಬದಿಯ ಸಿ.ವಿ. ರಾಮನ್ ರಸ್ತೆಯಲ್ಲಿ ಯಶವಂತಪುರ ಸೇರಬಹುದು. ಎರಡರಲ್ಲಿ ಯಾವುದು ಎಂಬುದನ್ನು ಯಲಹಂಕ ಬರುವ ಮೊದಲೇ ನಿರ್ಧರಿಸಿರಬೇಕು. ಹೆಬ್ಬಾಳದಲ್ಲಿ ಮೆಟ್ರೊ ಕಾಮಗಾರಿಯೂ ಹೊಸ ರಾಂಪುಗಳ ಕೆಲಸವೂ ನಡೆದು ದಾರಿಗಳು ಆಗಾಗ ಬದಲಾಗಿವೆ. ಹಳೆಯ ನೆನಪಿಗಿಂತ ಅಂದಿನ ನಕ್ಷೆಯನ್ನೂ ರಸ್ತೆಯ ಫಲಕವನ್ನೂ ನಂಬಿ.

ನಗರದೊಳಗೆ: ತಿರುವಿಗೆ ಮುಂಚೆಯೇ ತೀರ್ಮಾನ

ಹುಬ್ಬಳ್ಳಿಯಲ್ಲಿ ಚೆನ್ನಾಗಿ ಕಾರು ಓಡಿಸುವವರು ಬೆಂಗಳೂರಿನಲ್ಲಿ ತಡವರಿಸುವುದು ಧೈರ್ಯ ಸಾಲದೆ ಅಲ್ಲ. ಚನ್ನಮ್ಮ ವೃತ್ತಕ್ಕೆ ಬಂದು, ಎಲ್ಲ ದಾರಿಗಳನ್ನೂ ಕಣ್ಣೆದುರು ನೋಡಿ, ಅಲ್ಲಿಯೇ ಯಾವ ಕಡೆ ಎಂದು ತೀರ್ಮಾನಿಸಿದ ರೂಢಿ ನಮ್ಮದು. ತಪ್ಪಿದರೆ ಮುಂದೆ ಸ್ವಲ್ಪ ದೂರದಲ್ಲಿ ತಿರುಗಿಸಿಕೊಂಡು ಬರುತ್ತೇವೆ. ಬೆಂಗಳೂರಿನಲ್ಲಿ ಮೇಲ್ಸೇತುವೆ ಒಂದು ಕಡೆ, ಅಂಡರ್‌ಪಾಸ್ ಇನ್ನೊಂದು ಕಡೆ, ಸರ್ವಿಸ್ ರಸ್ತೆ ಮತ್ತೊಂದು ಕಡೆ ಕವಲೊಡೆಯುವುದು ವೃತ್ತಕ್ಕಿಂತ ಎಷ್ಟೋ ಮೊದಲು. ಸಿಗ್ನಲ್ ಕಾಣುವ ಹೊತ್ತಿಗೆ ನಿಮ್ಮ ದಾರಿ ಆಗಲೇ ತೀರ್ಮಾನವಾಗಿಹೋಗಿರುತ್ತದೆ. ಆದ್ದರಿಂದ ಪ್ರತಿ ಪಯಣಕ್ಕೆ ಮುಂಚೆ ನಕ್ಷೆಯಲ್ಲಿ ದೊಡ್ಡ ತಿರುವುಗಳನ್ನು ಮಾತ್ರ ನೋಡಿ ಮನಸ್ಸಿನಲ್ಲಿಟ್ಟುಕೊಳ್ಳಿ: ಎಲ್ಲಿ ಸೇತುವೆ ಹತ್ತಬೇಕು, ಎಲ್ಲಿ ಹತ್ತಬಾರದು. ಜೊತೆಯಲ್ಲಿ ಕುಳಿತವರೊಬ್ಬರು ಫೋನಿನ ನಕ್ಷೆ ನೋಡುತ್ತ ಒಂದು ಕಿಲೋಮೀಟರ್ ಮುಂಚೆಯೇ ಹೇಳುತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ. ಒಬ್ಬರೇ ಇದ್ದಾಗ ಕನ್ನಡದ ಧ್ವನಿ ಸೂಚನೆ ಹಾಕಿಕೊಳ್ಳಿ. ಫೋನನ್ನು ಕೈಯಲ್ಲಿ ಹಿಡಿಯಲೇಬೇಡಿ.

ತಿರುವು ತಪ್ಪಿದರೆ ತಪ್ಪಲಿ. ಕೊನೆಯ ಗಳಿಗೆಯಲ್ಲಿ ಮೂರು ಲೇನ್ ಅಡ್ಡ ಹಾಯುವುದು, ಸೇತುವೆಯ ಬುಡದಲ್ಲಿ ನಿಂತು ಯೋಚಿಸುವುದು, ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಹೋಗುವುದು ಇವು ಮೂರೂ ಅಪಘಾತಕ್ಕೆ ಕಾರಣಗಳು. ಮುಂದೆ ಹೋಗಿ ತಿರುಗಿಸಿಕೊಂಡು ಬರುವುದರಿಂದ ಹೆಚ್ಚೆಂದರೆ ಕಾಲು ಗಂಟೆ ಹೋಗುತ್ತದೆ.

ಲೇನ್ ಶಿಸ್ತು ನಮಗೆ ಪೂರ್ತಿ ಹೊಸದಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳ ಪ್ರತ್ಯೇಕ ಪಥಕ್ಕೆ ಕಾರು ನುಗ್ಗಿಸದೆ ಓಡಿಸುವುದನ್ನು ಕೆಲವು ವರ್ಷಗಳಿಂದ ಕಲಿತಿದ್ದೇವೆ. ಬೆಂಗಳೂರಿನಲ್ಲಿ ಗಮನಿಸಬೇಕಾದದ್ದು ನಿಲುಗಡೆಯ ಬಿಳಿ ಗೆರೆ. 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ ಅಳವಡಿಸಿದ ಕ್ಯಾಮೆರಾ ವ್ಯವಸ್ಥೆ ಕೆಂಪು ದೀಪ ಉಲ್ಲಂಘನೆ, ಗೆರೆ ದಾಟಿ ನಿಲ್ಲುವುದು, ಸೀಟ್ ಬೆಲ್ಟ್ ಧರಿಸದಿರುವುದು, ಫೋನ್ ಬಳಕೆ ಇವುಗಳನ್ನು ಪೊಲೀಸರು ಅಲ್ಲಿ ಇಲ್ಲದಿದ್ದರೂ ದಾಖಲಿಸುತ್ತದೆ. ಹಿಂದಿನ ಆಸನದವರೂ ಬೆಲ್ಟ್ ಹಾಕಿಕೊಳ್ಳಬೇಕು. ಅವ್ವ ಒಪ್ಪದಿದ್ದರೂ ಒಪ್ಪಿಸಬೇಕು. ಬೈಕುಗಳು ಎಡಗಡೆಯಿಂದಲೂ ಬಲಗಡೆಯಿಂದಲೂ ಏಕಕಾಲಕ್ಕೆ ಬರುತ್ತವೆ, ಆದ್ದರಿಂದ ಎಡಕ್ಕೆ ತಿರುಗುವಾಗ ಎಡಗನ್ನಡಿಯನ್ನು ಎರಡು ಬಾರಿ ನೋಡಬೇಕು. ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆಗಳಂತಹ ಏಕಮುಖ ರಸ್ತೆಗಳಲ್ಲಿ ಫಲಕ ನೋಡದೆ ಒಳಹೊಕ್ಕರೆ ದಂಡ ಖಚಿತ.

ವಿಳಾಸದ ವಿಷಯದಲ್ಲಿಯೂ ಎಚ್ಚರವಿರಲಿ. ನಮ್ಮಲ್ಲಿ ಗುಡಿಯ ಹಿಂದೆ, ಗಿರಣಿಯ ಮುಂದೆ ಎಂದರೆ ಮನೆ ಸಿಗುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಮೇನ್ ಮತ್ತು ಕ್ರಾಸ್ ರಸ್ತೆಗಳಿಗೆ ಅಂಕಿಗಳಿವೆ, ಆದರೆ ಅದೇ ಅಂಕಿ ಪ್ರತಿ ಬ್ಲಾಕಿನಲ್ಲಿ, ಪ್ರತಿ ಸ್ಟೇಜಿನಲ್ಲಿ ಮತ್ತೆ ಬರುತ್ತದೆ. ಮೂರನೇ ಮೇನ್, ಐದನೇ ಕ್ರಾಸ್ ಎಂದಷ್ಟೇ ಬರೆದುಕೊಂಡು ರಾಜಾಜಿನಗರಕ್ಕೆ ಹೋದವರು ಅರ್ಧ ದಿನ ಅಲೆಯಬೇಕಾದೀತು. ಬ್ಲಾಕು ಯಾವುದೆಂದು ಕೇಳಿ, ಸಾಧ್ಯವಾದರೆ ಅವರಿಂದ ಫೋನಿಗೆ ಲೊಕೇಶನ್ ಹಾಕಿಸಿಕೊಳ್ಳಿ. ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ, ಸಂಜೆ ಐದರಿಂದ ಒಂಬತ್ತರವರೆಗೆ ದೂರದ ಪ್ರಯಾಣ ಇಟ್ಟುಕೊಳ್ಳಬೇಡಿ. ಒಂದು ದಿಕ್ಕಿನ ಮನೆಗಳನ್ನೆಲ್ಲ ಒಂದೇ ಹೊತ್ತಿನಲ್ಲಿ ಮುಗಿಸಿ. ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವವರಿಗೆ ಒಂದು ಮಾತು: ಅಲ್ಲಿದ್ದ ಹಳೆಯ ಮೇಲ್ಸೇತುವೆಯನ್ನು 2020ರಲ್ಲಿ ಕೆಡವಲಾಗಿದೆ, ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಕೆಳಗೆ ವಾಹನ, ಮೇಲೆ ಮೆಟ್ರೊ ಓಡುವ ಎರಡು ಅಂತಸ್ತಿನ ಸೇತುವೆ 2024ರ ಜುಲೈನಲ್ಲಿ ತೆರೆದಿದೆ. ಹಳೆಯ ಗುರುತು ಹಿಡಿದು ಹೋದರೆ ಆಸ್ಪತ್ರೆಯ ಗೇಟಿನ ಬದಲು ಸೇತುವೆಯ ಮೇಲಿರುತ್ತೀರಿ.

ನಿಲುಗಡೆ

ಚಿಕ್ಕಪೇಟೆ, ಮಲ್ಲೇಶ್ವರದ ಮಾರುಕಟ್ಟೆ, ಕಮರ್ಷಿಯಲ್ ಸ್ಟ್ರೀಟ್ ಇವುಗಳಿಗೆ ಕಾರು ಒಯ್ಯಬೇಡಿ. ಮದುವೆಯ ಸೀರೆ ಕೊಳ್ಳಲು ಚಿಕ್ಕಪೇಟೆಗೆ ಹೋಗುವುದಾದರೆ ಕಾರನ್ನು ಬಂಧುಗಳ ಮನೆಯ ಬಳಿಯೇ ಬಿಟ್ಟು ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಚಿಕ್ಕಪೇಟೆ ನಿಲ್ದಾಣದಲ್ಲಿಯೇ ಇಳಿಯಬಹುದು. ಗಾಂಧಿನಗರದ ಸುತ್ತ ಕೆಲಸವಿದ್ದರೆ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ವಾಹನ ನಿಲುಗಡೆ ಇದೆ. ಅಪಾರ್ಟ್‌ಮೆಂಟಿಗೆ ಹೋಗುವಾಗ ಅತಿಥಿಗಳಿಗೆ ಜಾಗವಿದೆಯೇ ಎಂದು ಮೊದಲೇ ಫೋನು ಮಾಡಿ ಕೇಳಿ. ಬೇರೆಯವರ ಮನೆಯ ಗೇಟಿನ ಮುಂದೆ ಐದು ನಿಮಿಷಕ್ಕೂ ನಿಲ್ಲಿಸಬಾರದು. ಜಗಳದ ನಡುವೆ ಬಾಡಿಗೆ ಕಾರಿಗೆ ಬಿದ್ದ ಗೀರು ನಿಮ್ಮ ಲೆಕ್ಕಕ್ಕೇ ಸೇರುತ್ತದೆ.

ಮಳೆ ಮತ್ತು ಅಪಘಾತ

ಬೇಸಗೆಯ ಕೊನೆಯ ಸಂಜೆಗಳಲ್ಲಿ ಬೆಂಗಳೂರಿನ ಮಳೆ ಅರ್ಧ ಗಂಟೆಯಲ್ಲಿ ಅಂಡರ್‌ಪಾಸ್‌ಗಳನ್ನು ತುಂಬಿಸುತ್ತದೆ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ನಿಂತ ನೀರಿಗೆ ಇಳಿದ ಕಾರಿನಲ್ಲಿದ್ದ ಯುವತಿಯೊಬ್ಬರು ಜೀವ ಕಳೆದುಕೊಂಡರು. ಮುಂದಿನ ಕಾರು ದಾಟಿತೆಂದು ನಾವೂ ದಾಟುತ್ತೇವೆ ಎಂದುಕೊಳ್ಳಬಾರದು. ನೆಲ ಕಾಣದಷ್ಟು ನೀರಿದ್ದರೆ ಇಳಿಯಲೇಬೇಡಿ. ಎತ್ತರದ ಜಾಗದಲ್ಲಿ ಕಾರು ನಿಲ್ಲಿಸಿ ಮಳೆ ಇಳಿಯುವವರೆಗೆ ಕಾಯಿರಿ. ಎಂಜಿನ್ನಿಗೆ ನೀರು ಹೊಕ್ಕರೆ ಆಗುವ ಹಾನಿಯನ್ನು ಹಲವು ಬಾಡಿಗೆ ಒಪ್ಪಂದಗಳು ಬಾಡಿಗೆದಾರನ ಮೇಲೆಯೇ ಹಾಕುತ್ತವೆ ಎಂಬುದು ಆಮೇಲಿನ ಮಾತು.

ಅಪಘಾತವಾದರೆ ಮೊದಲು ಗಾಯಾಳುಗಳನ್ನು ನೋಡಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಗಾಯವಾಗಿಲ್ಲದಿದ್ದರೆ ಎರಡೂ ವಾಹನಗಳ ಸ್ಥಾನ, ನಂಬರ್, ರಸ್ತೆಯ ಗುರುತು ಕಾಣುವಂತೆ ನಾಲ್ಕೈದು ಚಿತ್ರ ತೆಗೆದು, ಕಾರನ್ನು ಬದಿಗೆ ಸರಿಸಿ, ಸಂಸ್ಥೆಯ ಸಹಾಯವಾಣಿಗೆ ಆಗಲೇ ತಿಳಿಸಿ. ಜನ ಸೇರಿದರೆ ಧ್ವನಿ ಏರಿಸದೆ ಮಾತನಾಡಿ. ರಸ್ತೆಯಲ್ಲಿಯೇ ಹಣ ಕೊಟ್ಟು ವಿಷಯ ಮುಗಿಸುವ ಸಲಹೆಗೆ ಒಪ್ಪಬೇಡಿ. ಹಾಗೆ ಮಾಡಿದರೆ ಕಾರಿನ ಹಾನಿಗೆ ವಿಮೆಯ ದಾರಿ ಮುಚ್ಚಿಹೋಗಬಹುದು. ದೊಡ್ಡ ಹಾನಿಯಾಗಿದ್ದರೆ ಠಾಣೆಯಲ್ಲಿ ದೂರು ದಾಖಲಿಸಿ ಅದರ ಪ್ರತಿ ಪಡೆಯಿರಿ.

ಹಿಂದಿರುಗಿಸುವಾಗ ಮತ್ತು ಆಮೇಲೆ

ಹಿಂದಿರುಗುವ ದಿನ ನಗರದ ನಡುವಿನಿಂದ ನಿಲ್ದಾಣ ತಲುಪಲು ಎರಡು ಗಂಟೆ, ಕಾರು ಒಪ್ಪಿಸಲು ಅರ್ಧ ಗಂಟೆ ಎಂದು ಇಟ್ಟುಕೊಂಡು, ಅದರ ಮೇಲೆ ವಿಮಾನ ಸಂಸ್ಥೆ ಹೇಳಿದ ಸಮಯ ಸೇರಿಸಿ ಹೊರಡಿ. ಇಂಧನವನ್ನು ಬಳ್ಳಾರಿ ರಸ್ತೆಯ ಬಂಕಿನಲ್ಲಿ, ನಿಲ್ದಾಣಕ್ಕೆ ಆದಷ್ಟು ಹತ್ತಿರದಲ್ಲಿ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಒಪ್ಪಿಸುವಾಗಲೂ ಮೊದಲಿನಂತೆಯೇ ನಂಬರ್ ಪ್ಲೇಟಿನಿಂದ ಆರಂಭಿಸಿ ಒಂದು ಸುತ್ತಿನ ವಿಡಿಯೊ, ಕಿಲೋಮೀಟರ್ ಅಂಕಿ, ಇಂಧನದ ಮುಳ್ಳು ಎಲ್ಲವನ್ನೂ ತೆಗೆಯಿರಿ. ಕಾರು ಸರಿಯಾಗಿ ಬಂದಿದೆ ಎಂದು ಸಿಬ್ಬಂದಿಯಿಂದ ಬರಹದಲ್ಲಿಯೋ ಸಂದೇಶದಲ್ಲಿಯೋ ಪಡೆಯದೆ ಕೀಲಿ ಕೊಡಬೇಡಿ. ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಒಮ್ಮೆ ಕೈಯಾಡಿಸಿ. ಆಸ್ಪತ್ರೆಯ ಫೈಲುಗಳು ಉಳಿದುಹೋಗುವುದು ಅಲ್ಲಿಯೇ.

ಊರಿಗೆ ಬಂದ ಮೇಲೂ ಕೆಲಸ ಸ್ವಲ್ಪ ಉಳಿದಿರುತ್ತದೆ. ಕ್ಯಾಮೆರಾ ಹಾಕಿದ ದಂಡದ ನೋಟಿಸು ಕಾರಿನ ಮಾಲೀಕರಿಗೆ ಹೋಗುತ್ತದೆ. ಅವರು ಅದನ್ನು ನಿಮ್ಮ ಠೇವಣಿಯಿಂದಲೋ ಕಾರ್ಡಿನಿಂದಲೋ ವಸೂಲು ಮಾಡುತ್ತಾರೆ. ಎರಡು ವಾರದ ನಂತರ ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ಆ ಕಾರಿನ ಸಂಖ್ಯೆ ಹಾಕಿ, ನೀವು ಓಡಿಸಿದ ದಿನ ಮತ್ತು ಗಂಟೆಗಳಿಗೆ ಸೇರಿದ ಪ್ರಕರಣಗಳಿವೆಯೇ ನೋಡಿ. ನಿಮ್ಮ ಅವಧಿಗೆ ಸೇರದ ದಂಡವನ್ನು ಕಡಿತ ಮಾಡಿದ್ದರೆ ಒಪ್ಪಂದದಲ್ಲಿರುವ ಸಮಯ ತೋರಿಸಿ ಬರಹದಲ್ಲಿ ಆಕ್ಷೇಪಿಸಿ. ಟೋಲ್ ಕಡಿತದ ವಿವರವನ್ನೂ ಹಾಗೆಯೇ ಕೇಳಿ ಪಡೆಯಿರಿ. ಠೇವಣಿ ಪೂರ್ತಿ ಖಾತೆಗೆ ಬಂದು ಸೇರುವವರೆಗೆ ಆ ಎರಡು ವಿಡಿಯೊಗಳನ್ನು ಫೋನಿನಿಂದ ಅಳಿಸಬೇಡಿ.